ಕುಲಾವಿಯಿಂದ ವಾಕರ್‌ವರೆಗೆ

ಮಗು ಹುಟ್ಟಿದ ಮನೆಗೆ ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರು ಉಲ್ಲನ್ ಸ್ವೆಟರ್ ತರುತ್ತಾರೆ. ಇನ್ನೊಬ್ಬರು ಟೋಪಿ, ಕಾಲುಚೀಲ, ಕೈಗವಸು ಸೇರಿದ ಸೆಟ್ ತರುತ್ತಾರೆ. ಸೋಪು, ಪೌಡರು, ಎಣ್ಣೆಗಳ ಗಿಫ್ಟ್ ಪ್ಯಾಕು ಮೂರೋ ನಾಲ್ಕೋ ಬಂದು ಬೀಳುತ್ತವೆ. ಪಟ್ಟಣದಲ್ಲಿ ನೌಕರಿಯಲ್ಲಿರುವ ಸೋದರಮಾವ ಬಣ್ಣಬಣ್ಣದ ವಾಕರ್ ಹೊತ್ತು ತರುತ್ತಾನೆ. ಅಜ್ಜಿಯಾದರೋ ಹಳೆಯ ಟ್ರಂಕಿನ ತಳದಿಂದ ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆಗಳನ್ನೂ ಬೆಳ್ಳಿಯ ಒಳಲೆಯನ್ನೂ ಹೊರತೆಗೆಯುತ್ತಾಳೆ. ತಿಂಗಳು ತುಂಬುವಷ್ಟರಲ್ಲಿ ಬಾಣಂತಿಯ ಕೋಣೆ ಒಂದು ಸಣ್ಣ ಅಂಗಡಿಯೇ ಆಗಿರುತ್ತದೆ.

ಆಮೇಲೆ ಶುರುವಾಗುವುದು ವಾದ. ಅಜ್ಜಿಗೆ ಡೈಪರ್ ಕಂಡರಾಗದು. ಸೊಸೆಗೆ ಕಾಡಿಗೆ ಕಂಡರಾಗದು. ಹಳೆಯದೆಲ್ಲ ಅನುಭವದಿಂದ ಬಂದದ್ದು, ಆದ್ದರಿಂದ ಒಳ್ಳೆಯದು ಎನ್ನುವುದು ಒಂದು ನಂಬಿಕೆ. ಅಂಗಡಿಯಿಂದ ಬಂದದ್ದೆಲ್ಲ ವೈಜ್ಞಾನಿಕ ಎನ್ನುವುದು ಇನ್ನೊಂದು ನಂಬಿಕೆ, ಅಷ್ಟೆ. ವಸ್ತುವಿನ ವಯಸ್ಸನ್ನೂ ಬೆಲೆಯನ್ನೂ ಪಕ್ಕಕ್ಕಿಟ್ಟು, ಅದು ಮಗುವಿನ ಮೈಗೆ ಯಾವ ಕೆಲಸ ಮಾಡಿಕೊಡುತ್ತದೆ ಎಂದು ಕೇಳಿದರೆ ಈ ವಾದಗಳಲ್ಲಿ ಮುಕ್ಕಾಲು ಪಾಲು ಬಗೆಹರಿಯುತ್ತವೆ. ಅದಕ್ಕೆ ಹೈಸ್ಕೂಲಿನ ವಿಜ್ಞಾನ ಸಾಕು.

ಮೊದಲು ಕುಲಾವಿಯನ್ನೇ ತೆಗೆದುಕೊಳ್ಳಿ. ಒಂದು ಸೆಂಟಿಮೀಟರ್ ಬದಿಯ ಘನವೊಂದರ ಹೊರಮೈ 6 ಚದರ ಸೆಂಟಿಮೀಟರ್, ಗಾತ್ರ 1 ಘನ ಸೆಂಟಿಮೀಟರ್. ಬದಿಯನ್ನು ಎರಡು ಸೆಂಟಿಮೀಟರಿಗೆ ಹೆಚ್ಚಿಸಿದರೆ ಹೊರಮೈ 24, ಗಾತ್ರ 8. ಗಾತ್ರ ಎಂಟು ಪಟ್ಟಾಯಿತು, ಹೊರಮೈ ನಾಲ್ಕೇ ಪಟ್ಟು. ಅಂದರೆ ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದಾಗ ಹೊರಮೈ ಜಾಸ್ತಿ. ಹಂಡೆಯ ಬಿಸಿನೀರು ಗಂಟೆಗಟ್ಟಲೆ ಬೆಚ್ಚಗಿದ್ದರೂ ಅದರಿಂದಲೇ ತೋಡಿಟ್ಟ ಒಂದು ಲೋಟ ನೀರು ಬೇಗ ಆರಿಹೋಗುವುದು ಇದೇ ಕಾರಣಕ್ಕೆ. ಮೂರು ಕಿಲೋ ತೂಕದ ಹಸುಗೂಸಿನ ಚರ್ಮದ ವಿಸ್ತೀರ್ಣ ಸುಮಾರು 0.2 ಚದರ ಮೀಟರ್. ಅರವತ್ತು ಕಿಲೋ ತೂಗುವ ಅದರ ತಂದೆಯದು ಸುಮಾರು 1.6 ಚದರ ಮೀಟರ್. ತೂಕದಲ್ಲಿ ಇಪ್ಪತ್ತು ಪಟ್ಟು ವ್ಯತ್ಯಾಸವಿದ್ದರೂ ಚರ್ಮದಲ್ಲಿ ಎಂಟೇ ಪಟ್ಟು. ಹೀಗಾಗಿ ಪ್ರತಿ ಕಿಲೋ ತೂಕಕ್ಕೆ ಮಗು ತನ್ನ ತಂದೆಗಿಂತ ಎರಡೂವರೆ ಪಟ್ಟು ಹೆಚ್ಚು ಚರ್ಮವನ್ನು ಗಾಳಿಗೆ ಒಡ್ಡಿರುತ್ತದೆ. ನಮ್ಮ ಪಾಲಿಗೆ ತಂಪಾದ ಕೋಣೆ ಅದರ ಪಾಲಿಗೆ ಚಳಿಯ ಕೋಣೆ.

ಇನ್ನು ತಲೆ. ವಯಸ್ಕರಲ್ಲಿ ತಲೆ ಇಡೀ ಎತ್ತರದ ಎಂಟನೆಯ ಒಂದು ಭಾಗದಷ್ಟು. ಹಸುಗೂಸಿನಲ್ಲಿ ನಾಲ್ಕನೆಯ ಒಂದು ಭಾಗ. ಸುಟ್ಟಗಾಯಗಳ ಲೆಕ್ಕ ಹಾಕುವ ವೈದ್ಯರು ದೊಡ್ಡವರ ತಲೆಗೆ ಮೈಯ ಶೇ. 9ರಷ್ಟು ಚರ್ಮವೆಂದೂ ಶಿಶುವಿನ ತಲೆಗೆ ಶೇ. 18ರಷ್ಟೆಂದೂ ಹಿಡಿಯುತ್ತಾರೆ. ಚಳಿಯಾದಾಗ ನಡುಗಿ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿ ಹಸುಗೂಸಿಗೆ ಇಲ್ಲವೆಂದೇ ಹೇಳಬಹುದು. ಬೆನ್ನ ಮೇಲ್ಭಾಗದಲ್ಲಿ, ಕತ್ತಿನ ಸುತ್ತ ಇರುವ ಕಂದು ಕೊಬ್ಬನ್ನು ಉರಿಸಿ ಅದು ಬೆಚ್ಚಗಿರಬೇಕು. ಆ ದಾಸ್ತಾನು ದೊಡ್ಡದಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನಲ್ಲಂತೂ ಇನ್ನೂ ಕಡಿಮೆ. ಎರಡು ಮೊಳ ಬಟ್ಟೆಯನ್ನೂ ಬೇಡದ ಕುಲಾವಿ ಈ ಲೆಕ್ಕದಲ್ಲಿ ಗೆದ್ದುಬಿಡುತ್ತದೆ. ಮಗುವನ್ನು ಹುಟ್ಟಿದ ಕೂಡಲೇ ಮೀಯಿಸಬೇಡಿ, ಒಂದು ದಿನವಾದರೂ ತಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೂ ಇದೇ ಒಂದು ಕಾರಣ.

ಆದರೆ ಗೆದ್ದದ್ದನ್ನು ಅತಿಯಾಗಿ ಆಡಿಸುವುದು ನಮ್ಮ ಅಭ್ಯಾಸ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನದಲ್ಲಿ ಸ್ವೆಟರ್, ಟೋಪಿ, ಕಾಲುಚೀಲ, ಕೈಗವಸು, ಮೇಲೊಂದು ಶಾಲು ಹೊದ್ದು ಕೆಂಪಗೆ ಬೆವೆತ ಕೂಸುಗಳನ್ನು ಬಸ್ಸುಗಳಲ್ಲಿ ನೋಡಬಹುದು. ಅಮ್ಮ ಮಾತ್ರ ತೆಳ್ಳನೆಯ ಸೀರೆಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿರುತ್ತಾಳೆ! ಕೈಕಾಲು ತಣ್ಣಗಿದೆ ಎಂಬುದೇ ಇದಕ್ಕೆ ಕೊಡುವ ಕಾರಣ. ಎಳೆಗೂಸಿನ ಕೈಕಾಲಿನ ತುದಿಗೆ ರಕ್ತ ಹರಿಯುವುದೇ ಕಡಿಮೆ, ಅವು ತಣ್ಣಗಿರುವುದು ಸಹಜ. ಮುಟ್ಟಿ ನೋಡಬೇಕಾದ್ದು ಎದೆ ಅಥವಾ ಕತ್ತಿನ ಹಿಂಭಾಗವನ್ನು. ಅಲ್ಲಿ ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ. ದೊಡ್ಡವರು ಹಾಕಿಕೊಂಡಿರುವುದಕ್ಕಿಂತ ಒಂದು ಪದರ ಹೆಚ್ಚು ಎಂಬುದು ಒಳ್ಳೆಯ ಅಳತೆ. ಬೆಚ್ಚಗಿಡುವುದು ಉಣ್ಣೆಯಲ್ಲ, ಅದರ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ. ಆದ್ದರಿಂದ ದಪ್ಪನೆಯ ಒಂದು ಸ್ವೆಟರಿಗಿಂತ ತೆಳುವಾದ ಎರಡು ಅಂಗಿ ವಾಸಿ. ಬೇಕಾದಾಗ ಒಂದನ್ನು ಕಳಚಲೂಬಹುದು.

ಮಲಗುವ ಹೊತ್ತಿನಲ್ಲಿ ಅತಿ ಬಿಸಿ ಬರೀ ಕಿರಿಕಿರಿಯಲ್ಲ, ಅಪಾಯ. ಆರೋಗ್ಯವಾಗಿದ್ದ ಶಿಶು ನಿದ್ದೆಯಲ್ಲೇ ಹಠಾತ್ತನೆ ಸಾಯುವುದಕ್ಕೆ ಬೋರಲು ಮಲಗಿಸುವುದು, ಮೆತ್ತನೆಯ ಹಾಸಿಗೆ ದಿಂಬು, ಅತಿಯಾದ ಹೊದಿಕೆ ಇವುಗಳಿಗೆ ಸಂಬಂಧವಿದೆಯೆಂದು ತಿಳಿದುಬಂದಿದೆ. ಶಿಶುಗಳನ್ನು ಬೋರಲು ಮಲಗಿಸಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಲ್ಲಿ ಸಲಹೆ ಕೊಟ್ಟಿತು. 1994ರಿಂದ, ಅಂಗಾತ ಮಲಗಿಸಿ ಎಂಬ ದೊಡ್ಡ ಪ್ರಚಾರವೇ ನಡೆಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ಇಂಥ ಸಾವುಗಳು ಅರ್ಧಕ್ಕಿಂತಲೂ ಕೆಳಗಿಳಿದವು. ಒಂದು ಪೈಸೆಯ ಸಾಮಾನೂ ಬೇಕಾಗದ ಸಂಶೋಧನೆ ಇದು. ತಲೆ ದುಂಡಗಾಗಲೆಂದು ಇಡುವ ಸಾಸಿವೆ ತುಂಬಿದ ದಿಂಬಿಗೂ ಈ ಲೆಕ್ಕದಲ್ಲಿ ಜಾಗವಿಲ್ಲ. ವರ್ಷ ತುಂಬುವವರೆಗೆ ಮಗುವಿಗೆ ದಿಂಬೇ ಬೇಡ.

ಬೆಚ್ಚಗಿಡುವ ಸಾಧನಗಳಲ್ಲಿ ಎಲ್ಲಕ್ಕಿಂತ ಮಿಗಿಲಾದದ್ದು ಅಂಗಡಿಯಲ್ಲಿ ಸಿಗುವುದೇ ಇಲ್ಲ. 1978ರಲ್ಲಿ ಕೊಲಂಬಿಯಾದ ರಾಜಧಾನಿ ಬೊಗೊಟಾದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಸಾಕಷ್ಟು ಇನ್‌ಕ್ಯುಬೇಟರುಗಳಿರಲಿಲ್ಲ. ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಬಿಡುವ ಪದ್ಧತಿ ಆರಂಭಿಸಿದರು. ಕಾಂಗರೂ ಆರೈಕೆ ಎಂಬ ಹೆಸರು ಬಂದದ್ದು ಹಾಗೆ. ಬಡತನದ ಉಪಾಯವೆಂದು ಶುರುವಾದದ್ದು ಶ್ರೀಮಂತ ದೇಶಗಳಿಗೂ ಹರಡಿತು. ಕಡಿಮೆ ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಅಪ್ಪನ ಎದೆಯಾದರೂ ಆದೀತು. ಈ ವಿಷಯವನ್ನು ನಮ್ಮ ಮನೆಗಳ ಗಂಡಸರಿಗೆ ಯಾರಾದರೂ ಹೇಳಬೇಕು.

ಮಗುವನ್ನು ಹೊರುವ ಚೀಲಗಳ ಕಥೆಯೂ ಇಂಥದ್ದೇ. ಅಮೆರಿಕದ ಆನ್ ಮೂರ್ ಎಂಬ ನರ್ಸ್ ಆಫ್ರಿಕಾದ ಟೋಗೋ ದೇಶದಲ್ಲಿ ಕೆಲಸ ಮಾಡುತ್ತಿದ್ದಾಗ, ತಾಯಂದಿರು ಕೂಸುಗಳನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಓಡಾಡುವುದನ್ನು ನೋಡಿದಳು. ಊರಿಗೆ ಮರಳಿ ತನ್ನ ಮಗಳಿಗೂ ಹಾಗೆಯೇ ಮಾಡಹೋಗಿ, 1969ರಲ್ಲಿ 'ಸ್ನಗ್ಲಿ' ಎಂಬ ಚೀಲಕ್ಕೆ ಪೇಟೆಂಟ್ ಪಡೆದಳು. ಅದೇ ಜಾತಿಯ ಚೀಲಗಳು ಇಂದು ನಮ್ಮ ಅಂಗಡಿಗಳಲ್ಲೂ ತೂಗಾಡುತ್ತಿವೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು! ಕಂಕುಳಲ್ಲಿ ಎತ್ತಿಕೊಂಡಾಗ ಮಗುವಿನ ಕಾಲುಗಳು ಅಗಲವಾಗಿ ಬಿಚ್ಚಿ, ತೊಡೆಯ ಮೂಳೆಯ ಗುಂಡು ಸೊಂಟದ ಗುಳಿಯೊಳಗೆ ಸರಿಯಾಗಿ ಕೂರುತ್ತದೆ. ಚೀಲ ಕೊಳ್ಳುವವರೂ ತೊಡೆಗೆ ಆಸರೆ ಇದೆಯೇ ಎಂದು ನೋಡಬೇಕು, ಕಾಲು ನೇರವಾಗಿ ಜೋತುಬೀಳುವಂಥದ್ದು ಬೇಡ. ಕಾಲೆರಡನ್ನೂ ಜೋಡಿಸಿ ನೆಟ್ಟಗೆ ಬಿಗಿದು ಬಟ್ಟೆ ಸುತ್ತುವುದೂ ಸೊಂಟದ ಕೀಲಿಗೆ ಒಳ್ಳೆಯದಲ್ಲ. ಸುತ್ತುವುದಾದರೆ ಕಾಲು ಆಡಿಸಲು ಜಾಗವಿರಲಿ. ಮಡಚುವ ತಳ್ಳುಗಾಡಿಯನ್ನು 1965ರಲ್ಲಿ ರೂಪಿಸಿದ ಓವನ್ ಮೆಕ್ಲಾರೆನ್ ಎಂಬ ಇಂಗ್ಲಿಷ್ ಎಂಜಿನಿಯರ್ ಹಿಂದೆ ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಗಳ ವಿನ್ಯಾಸದಲ್ಲಿ ಕೆಲಸ ಮಾಡಿದವರು. ಗಾಡಿ ಜಾಣತನದ್ದೇ. ಆದರೆ ನಮ್ಮ ಫುಟ್‌ಪಾತುಗಳಿಗೆ ವಿಮಾನವೇ ಬೇಕಾದೀತು.

ಈಗ ಅಜ್ಜಿಯ ಹಳೆಯ ಸೀರೆಗೆ ಬರೋಣ. ಹೊಸ ಬಟ್ಟೆಗೆ ಗಿರಣಿಯ ಗಂಜಿ ಇರುತ್ತದೆ, ನೂಲು ಬಿರುಸಾಗಿರುತ್ತದೆ. ನೂರಾರು ಬಾರಿ ಒಗೆದ ಹತ್ತಿಯಲ್ಲಿ ಅವೆರಡೂ ಹೋಗಿ ಎಳೆಗಳು ಸಡಿಲವಾಗಿ ನೀರನ್ನು ಬೇಗ ಹೀರುತ್ತವೆ. ನಾಮಕರಣದವರೆಗೆ ಹೊಸ ಬಟ್ಟೆ ಬೇಡವೆಂಬ ಅನೇಕ ಮನೆಗಳ ಕಟ್ಟಳೆಗೆ ಚರ್ಮದ ದೃಷ್ಟಿಯಿಂದಂತೂ ಅರ್ಥವಿದೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ. 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿಟ್ಟುಕೊಳ್ಳಬಲ್ಲದು. ಪಾಲಿಯೆಸ್ಟರ್ ಹೀರುವುದು ಶೇ. ಅರ್ಧಕ್ಕಿಂತಲೂ ಕಡಿಮೆ. ಮಿಂಚುವ ಜರಿ ಫ್ರಾಕು ಫೋಟೋಕ್ಕೆ ಚೆನ್ನ. ಫೋಟೋ ಆದ ಮೇಲೆ ಕಳಚಿದರೆ ಮಗುವಿಗೂ ಚೆನ್ನ.

ಹಾಗಾದರೆ ಡೈಪರ್? ಅದರ ಚರಿತ್ರೆಯಲ್ಲಿ ತಾಯಂದಿರ ಪಾಲು ದೊಡ್ಡದು. ಒದ್ದೆ ಹಾಸಿಗೆ ಒಗೆದು ಬೇಸತ್ತ ಅಮೆರಿಕದ ಮೇರಿಯನ್ ಡೊನೊವನ್ 1946ರಲ್ಲಿ ಬಚ್ಚಲುಮನೆಯ ಪರದೆಯನ್ನೇ ಕತ್ತರಿಸಿ, ಲಂಗೋಟಿಯ ಮೇಲೆ ಹಾಕುವ ನೀರು ಸೋರದ ಕವಚವೊಂದನ್ನು ಹೊಲಿದಳು. ಪಿನ್ನಿನ ಬದಲು ಒತ್ತುಗುಂಡಿ ಇಟ್ಟಳು. ತಯಾರಕರು ಬೇಡವೆಂದಾಗ ತಾನೇ ಮಾರಿ, 1951ರಲ್ಲಿ ಪೇಟೆಂಟ್ ಪಡೆದಳು. ಎಸೆಯುವ ಕಾಗದದ ಲಂಗೋಟಿಯ ಅವಳ ಯೋಚನೆಯನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ವರ್ಷದ ನಂತರ, 1961ರಲ್ಲಿ, ವಿಕ್ಟರ್ ಮಿಲ್ಸ್ ಎಂಬ ರಸಾಯನ ಎಂಜಿನಿಯರ್ ಕೆಲಸ ಮಾಡುತ್ತಿದ್ದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ 'ಪ್ಯಾಂಪರ್ಸ್' ತಂದಿತು. ಮೊಮ್ಮಗುವಿನ ಬಟ್ಟೆ ಬದಲಿಸುವ ಕೆಲಸ ಮಿಲ್ಸ್‌ಗೆ ಹಿಡಿಸಿರಲಿಲ್ಲವಂತೆ. ಅಜ್ಜಂದಿರ ಸೋಮಾರಿತನದಿಂದಲೂ ಲೋಕಕ್ಕೆ ಉಪಕಾರವಾಗುವುದುಂಟು.

ಇಂದಿನ ಡೈಪರಿನ ಗುಟ್ಟು 1980ರ ದಶಕದಲ್ಲಿ ಅದರೊಳಗೆ ಸೇರಿದ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಬಿಳಿಯ ಹರಳುಪುಡಿ. ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು. ಹೊಸ ಡೈಪರೊಂದನ್ನು ಕತ್ತರಿಸಿ, ಹತ್ತಿಯಂಥ ಭಾಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕುಲುಕಿದರೆ ಪುಡಿ ತಳಕ್ಕೆ ಇಳಿಯುತ್ತದೆ. ಅದು ಮೂಗಿಗೆ, ಕಣ್ಣಿಗೆ ಹೋಗದಂತೆ ದೊಡ್ಡವರು ಜೊತೆಗಿರಲಿ. ಒಂದು ಚಮಚ ಪುಡಿಗೆ ಶುದ್ಧ ನೀರು ಹಾಕುತ್ತ ಹೋಗಿ. ಲೋಟವನ್ನೇ ಬೋರಲು ಹಾಕಿದರೂ ಬೀಳದಂಥ ಜೆಲ್ಲಿಯಾಗುತ್ತದೆ. ಪುಡಿ ಬಟ್ಟಿ ಇಳಿಸಿದ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರಬಲ್ಲದು. ಈಗ ಮೇಲೆ ಒಂದು ಚಮಚ ಅಡುಗೆ ಉಪ್ಪು ಉದುರಿಸಿ ಕದಡಿ. ಜೆಲ್ಲಿ ಕರಗಿ ನೀರು ಬಿಟ್ಟುಕೊಳ್ಳುತ್ತದೆ. ಪುಡಿಯ ಒಳಗಿನ ಸೋಡಿಯಂ ಅಯಾನುಗಳು ನೀರನ್ನು ಒಳಕ್ಕೆ ಸೆಳೆಯುತ್ತಿದ್ದವು. ಹೊರಗೂ ಅಯಾನುಗಳು ತುಂಬಿಕೊಂಡಾಗ ಸೆಳೆತ ಕುಗ್ಗುತ್ತದೆ. ಪುಸ್ತಕದಲ್ಲಿ ಆಸ್ಮಾಸಿಸ್ ಎಂದು ಓದಿದ್ದು ಇದೇ. ಮೂತ್ರದಲ್ಲೂ ಲವಣಗಳಿರುವುದರಿಂದ ಡೈಪರಿನಲ್ಲಿ ಈ ಪುಡಿ ಹೀರುವುದು ಕೆಲವು ಹತ್ತು ಪಟ್ಟು ಮಾತ್ರ. ಅದೂ ಸಾಕಷ್ಟಾಯಿತು. (ಪ್ರಯೋಗದ ಜೆಲ್ಲಿಯನ್ನು ಬಚ್ಚಲಿಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ.)

ತೇವವನ್ನು ಚರ್ಮದಿಂದ ದೂರ ಎಳೆದುಕೊಳ್ಳುವ ಕೆಲಸವನ್ನು ಡೈಪರ್ ಬಟ್ಟೆಗಿಂತ ಚೆನ್ನಾಗಿ ಮಾಡುತ್ತದೆ ಎಂಬುದನ್ನು ಅಜ್ಜಿ ಒಪ್ಪಲೇಬೇಕು. ತೊಂದರೆ ಎಲ್ಲಿ ಎಂದರೆ, ಹೊರಗೆ ಒದ್ದೆ ಕಾಣದ ಕಾರಣ ನಾವು ಬದಲಿಸುವುದನ್ನೇ ಮರೆಯುತ್ತೇವೆ. ಮಲದಲ್ಲಿರುವ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಅಮೋನಿಯಾ ಕ್ಷಾರ. ಕ್ಷಾರದಲ್ಲಿ ಮಲದೊಳಗಿನ ಜೀರ್ಣಕಾರಿ ಕಿಣ್ವಗಳು ಚುರುಕಾಗಿ ಚರ್ಮವನ್ನೇ ಕೊರೆಯತೊಡಗುತ್ತವೆ. ಕೆಂಪು ದದ್ದಿನ ಮೂಲ ಇದು. ಮೇಲೆ ಪೌಡರ್ ಉದುರಿಸುವುದರಿಂದ ಏನೂ ಆಗದು, ಹಾರಿದ ಪುಡಿ ಮಗುವಿನ ಉಸಿರಿಗೆ ಸೇರುವುದಷ್ಟೇ ಲಾಭ. ದಿನಕ್ಕೆ ಐದರಂತೆ ಎರಡು ವರ್ಷಕ್ಕೆ 3,650 ಡೈಪರುಗಳು. ಅವು ಮಣ್ಣಲ್ಲಿ ಬೇಗ ಕರಗುವ ಪದಾರ್ಥವಲ್ಲ. ಪ್ರತ್ಯೇಕವಾಗಿ ಸುತ್ತಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದರೂ ಅವು ಬಿದ್ದಿರುವುದು ಕೆರೆ ದಂಡೆಯಲ್ಲೇ. ರಾತ್ರಿಗೆ, ಪ್ರಯಾಣಕ್ಕೆ ಡೈಪರ್. ಹಗಲು ಮನೆಯಲ್ಲಿ ಲಂಗೋಟಿ, ಒಗೆದು ಬಿಸಿಲಿಗೆ ಹಾಕುವುದು. ಅತ್ತೆ ಸೊಸೆ ಇಬ್ಬರೂ ಒಪ್ಪಬಹುದಾದ ಒಪ್ಪಂದ ಇದೊಂದೇ.

ತೊಟ್ಟಿಲ ಬಗ್ಗೆ ಎರಡು ಮಾತು. ತೊಲೆಗೆ ಕಟ್ಟಿದ ಸೀರೆಯ ಜೋಲಿ ಎಂದರೆ ಒಂದು ಲೋಲಕ. ಅದು ಒಂದು ಬಾರಿ ಹೋಗಿ ಬರುವ ಕಾಲ ಉದ್ದವನ್ನು ಅವಲಂಬಿಸಿದೆ, ಮಗುವಿನ ತೂಕವನ್ನಲ್ಲ. ಒಂದು ಮೀಟರ್ ಉದ್ದಕ್ಕೆ ಸುಮಾರು ಎರಡು ಸೆಕೆಂಡು, ಎರಡೂಕಾಲು ಮೀಟರಿಗೆ ಮೂರು ಸೆಕೆಂಡು. ತಮ್ಮನನ್ನೋ ತಂಗಿಯನ್ನೋ ತೂಗುವ ಕೆಲಸ ಬಿದ್ದಾಗ ಗಡಿಯಾರ ಹಿಡಿದು ಲೆಕ್ಕ ಹಾಕಿದರೆ ಬೇಸರವೂ ಕಳೆಯುತ್ತದೆ. ಎತ್ತಿಕೊಂಡು ನಡೆದಾಗ ಶಿಶುವಿನ ಅಳು ನಿಲ್ಲುವುದಷ್ಟೇ ಅಲ್ಲ, ಹೃದಯದ ಬಡಿತವೂ ನಿಧಾನವಾಗುತ್ತದೆಂದು ಜಪಾನಿನ ರೈಕೆನ್ ಸಂಸ್ಥೆಯ ಸಂಶೋಧಕರು 2013ರಲ್ಲಿ ತೋರಿಸಿದರು. 2022ರಲ್ಲಿ ಅವರೇ ಇನ್ನೊಂದು ಉಪಾಯ ಹೇಳಿದರು: ಅಳುವ ಮಗುವನ್ನು ಐದು ನಿಮಿಷ ಎತ್ತಿಕೊಂಡು ನಡೆಯಿರಿ, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಹಾಗೆಯೇ ಹಿಡಿದು ಕೂತು, ಆಮೇಲೆ ಮಲಗಿಸಿ. ಮಗು ಎಚ್ಚರಗೊಳ್ಳುವುದು ಹಾಸಿಗೆ ತಾಗಿದಾಗಲ್ಲ, ಎತ್ತಿಕೊಂಡವರ ಮೈಯಿಂದ ಬೇರಾಗುವ ಕ್ಷಣದಲ್ಲಿ. ಜೋಲಿಯಲ್ಲಿ ಮಲಗಿದ ಎಳೆಗೂಸಿನ ಗದ್ದ ಎದೆಗೆ ಒತ್ತಿಕೊಂಡಿರದಂತೆ ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಖಾಲಿ ಜೋಲಿಯಲ್ಲಿ ದೊಡ್ಡ ಮಕ್ಕಳು ಗಿರಗಿರನೆ ತಿರುಗಿ ಆಡಬಾರದು. ಸೀರೆ ಹುರಿಗೊಂಡು ಕೊರಳಿಗೆ ಸುತ್ತಿ ಜೀವಗಳು ಹೋಗಿವೆ.

ಕಾಡಿಗೆಯನ್ನು ಕೆನ್ನೆಯ ಮೇಲೆ ದೃಷ್ಟಿಬೊಟ್ಟಾಗಿ ಇಟ್ಟರೆ ಯಾರದೂ ತಕರಾರಿರಲಿಕ್ಕಿಲ್ಲ, ಮನೆಯಲ್ಲೇ ದೀಪದ ಮಸಿಯಿಂದ ಮಾಡಿದ್ದಾದರೆ. ಅಂಗಡಿಯ ಕೆಲವು ಸುರ್ಮಾ, ಕಾಡಿಗೆಗಳಲ್ಲಿ ಸೀಸದ ಸಲ್ಫೈಡ್ ಇರುತ್ತದೆ. ಸೀಸ ಬೆಳೆಯುವ ಮಿದುಳಿಗೆ ವಿಷ. ಕಣ್ಣಿನೊಳಕ್ಕೆ ಯಾವುದೂ ಬೇಡ. ಜೇನು ನೆಕ್ಕಿಸುವುದೂ ವರ್ಷ ತುಂಬುವವರೆಗೆ ಬೇಡ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡುತ್ತವೆ.

ಒಳಲೆಯ ವಿಷಯದಲ್ಲಿ ಮಾತ್ರ ಅಜ್ಜಿಗೆ ಪೂರ್ತಿ ಅಂಕ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಹಿಂಡಿ ತೆಗೆದ ಹಾಲನ್ನು ಕುಡಿಸಬೇಕಾಗಿ ಬಂದಾಗ ಒಳಲೆಯನ್ನು ಉಜ್ಜಿ ತೊಳೆದು ಕುದಿಸಬಹುದು, ಅದರಲ್ಲಿ ಹಾಲಿನ ಜಿಡ್ಡು ಅಡಗಿಕೊಳ್ಳಲು ಮೂಲೆಯಿಲ್ಲ. ಬಾಟಲಿಯ ನಿಪ್ಪಲ್ಲಿನಲ್ಲಿ ಅಡಗುತಾಣಗಳೇ ಹೆಚ್ಚು. ಭಾರತದಲ್ಲಿ ಹಾಲಿನ ಬಾಟಲಿಗಳ ಜಾಹೀರಾತನ್ನೇ 1992ರ ಕಾಯಿದೆಯೊಂದು ನಿಷೇಧಿಸಿದೆ. ಟೀವಿಯಲ್ಲಿ ಇಷ್ಟೆಲ್ಲ ಜಾಹೀರಾತುಗಳ ನಡುವೆ ಹಾಲಿನ ಬಾಟಲಿಯದು ಕಾಣದಿರುವುದು ಅದರಿಂದ.

ಇನ್ನುಳಿದದ್ದು ಸೋದರಮಾವನ ಉಡುಗೊರೆ. ವಾಕರಿನಲ್ಲಿ ಕೂತ ಮಗುವಿನ ಭಾರ ಬೀಳುವುದು ಸೀಟಿನ ಮೇಲೆ, ಕಾಲಿನ ಮೇಲಲ್ಲ. ಅದು ಕಾಲ್ಬೆರಳ ತುದಿಯಿಂದ ನೆಲ ಮೀಟುತ್ತದೆ, ಅಷ್ಟೆ. ನಡೆಯುವುದು ಎಂದರೆ ಮೈಯ ಗುರುತ್ವಕೇಂದ್ರವನ್ನು ಒಂದು ಪಾದದ ಮೇಲಿಂದ ಇನ್ನೊಂದರ ಮೇಲಕ್ಕೆ ಸಾಗಿಸುವುದು. ಬೀಳುತ್ತ, ಏಳುತ್ತ, ತನ್ನ ಪಾದವನ್ನು ತಾನೇ ನೋಡುತ್ತ ಕಲಿಯುವುದು. ತಟ್ಟೆಯಂಥ ಆ ಚೌಕಟ್ಟು ಪಾದವನ್ನೇ ಮರೆಮಾಡುತ್ತದೆ. ಮಗು ಬೇಗ ನಡೆಯಲೆಂದು ಕೊಳ್ಳುವ ವಸ್ತು ನಡಿಗೆಯನ್ನು ತಡಮಾಡಬಹುದು. ವೇಗ ಮಾತ್ರ ಸಿಗುತ್ತದೆ, ಸೆಕೆಂಡಿಗೆ ಒಂದು ಮೀಟರಿನಷ್ಟು. ಒಗ್ಗರಣೆ ಹಾಕುತ್ತಿರುವ ತಾಯಿ ತಿರುಗಿ ನೋಡುವಷ್ಟರಲ್ಲಿ ಮಗು ಮೆಟ್ಟಿಲಂಚಿನಲ್ಲೋ ಬಿಸಿನೀರಿನ ಬಕೆಟ್ಟಿನ ಬಳಿಯೋ ಇರುತ್ತದೆ. ಕೆನಡಾ 2004ರಲ್ಲಿ ವಾಕರುಗಳ ಮಾರಾಟ, ಆಮದು, ಜಾಹೀರಾತು ಮೂರನ್ನೂ ನಿಷೇಧಿಸಿತು. ನಮ್ಮಲ್ಲಿ ಅವು ರಸ್ತೆ ಬದಿಯಲ್ಲೂ ಸಿಗುತ್ತವೆ. ಇದಕ್ಕೆ ಬದಲು ಮೂರು ಗಾಲಿಯ ಮರದ ತಳ್ಳುಬಂಡಿಯನ್ನು ನೋಡಿ. ಮಗು ತಾನೇ ಎದ್ದು ನಿಂತು ಅದರ ಅಡ್ಡಪಟ್ಟಿ ಹಿಡಿಯಬೇಕು, ಭಾರ ತನ್ನ ಕಾಲ ಮೇಲೇ ಇರಬೇಕು, ತಳ್ಳಿದಷ್ಟೇ ಅದು ಮುಂದೆ ಹೋಗಬೇಕು. ಗಾಲಿ ತೀರಾ ಸಲೀಸಾಗಿ ಓಡದೆ ಸ್ವಲ್ಪ ಬಿಗಿಯಾಗಿದ್ದರೆ ಇನ್ನೂ ಒಳ್ಳೆಯದು. ಮೆಟ್ಟಿಲಿರುವ ಕಡೆ ಇದಕ್ಕೂ ಕಾವಲು ಬೇಕೇ ಬೇಕು.

ಆಟಿಕೆಗಳಲ್ಲಿ ಚನ್ನಪಟ್ಟಣದ ಮರದ ಗಿಲಕಿಗೆ ಅರಗಿನ ಬಣ್ಣದ ಹೊಳಪಿದೆ, ಬಾಯಿಗಿಟ್ಟರೂ ಭಯ ಕಡಿಮೆ. ಹಾಡುವ, ಮಿನುಗುವ ಪ್ಲಾಸ್ಟಿಕ್ ಆಟಿಕೆಗಳಲ್ಲಿ ನೋಡಬೇಕಾದ್ದು ಬೇರೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಅದಿದೆಯೇ ನೋಡಿ. ಆಮೇಲೆ ಬೆನ್ನು ತಿರುಗಿಸಿ ಬ್ಯಾಟರಿಯ ಮುಚ್ಚಳ ನೋಡಿ. ಗುಂಡಿಯಂಥ ಚಪ್ಪಟೆ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆ ಗೋಡೆಯ ಮೂಲಕ ವಿದ್ಯುತ್ ಹರಿದು ಅಲ್ಲೇ ಕ್ಷಾರ ತಯಾರಾಗುತ್ತದೆ. ನೀರಿನ ವಿದ್ಯುದ್ವಿಭಜನೆಯ ಪಾಠವೇ ಅದು, ಆದರೆ ಜೀವಂತ ಮಾಂಸದೊಳಗೆ. ಎರಡು ಗಂಟೆಯೊಳಗೆ ಸುಟ್ಟಗಾಯ ಆಳಕ್ಕಿಳಿಯಬಹುದು. ಸಂಶಯ ಬಂದರೆ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಬೇಕು, ಎಕ್ಸ್‌ರೇ ತೆಗೆಸಬೇಕು. ಮುಚ್ಚಳಕ್ಕೆ ಸ್ಕ್ರೂ ಇಲ್ಲದೆ, ಉಗುರಿನಿಂದಲೇ ತೆರೆಯುವಂತಿದ್ದರೆ ಆ ಆಟಿಕೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಮನೆಯಲ್ಲಿರುವ ರಿಮೋಟು, ತೂಕದ ಯಂತ್ರ, ಸಂಗೀತದ ಶುಭಾಶಯ ಪತ್ರಗಳನ್ನೂ ಇವತ್ತೇ ಒಮ್ಮೆ ತಿರುಗಿಸಿ ನೋಡಿ.